ಶಾಲೆಯಲ್ಲಿ ಮಗುವಿನ ಆಹಾರ ಅಲರ್ಜಿ: ‘ಒಗ್ಗಲ್ಲ’ ಅಂದರೆ ಸಾಲದು, ಹಂತ ಹಂತವಾಗಿ ಹೀಗೆ ಮಾಡಿ

ನನ್ನ ಮಗಳಿಗೆ ಕಡಲೆಕಾಯಿ ಅಲರ್ಜಿ. ಯುಕೆಜಿಗೆ ಸೇರಿಸುವಾಗ ಮಿಸ್ ಹತ್ತಿರ ನಾನು ಹೇಳಿದ್ದು ಒಂದೇ ಮಾತು: ‘ಇವಳಿಗೆ ಕಡಲೆಬೀಜ ಒಗ್ಗಲ್ಲ, ಸ್ವಲ್ಪ ನೋಡ್ಕೊಳ್ಳಿ.’ ಜುಲೈ ತಿಂಗಳ ಒಂದು ಮಧ್ಯಾಹ್ನ ಪಕ್ಕದ ಮಗುವಿನ ಡಬ್ಬಿಯ ಚಿತ್ರಾನ್ನ ಬೇಕು ಅಂತ ಹಟ ಮಾಡಿದಳು. ಆಯಮ್ಮ ಒಂದೊಂದೇ ಬೀಜ ಆರಿಸಿ ಮುಚ್ಚಳದ ಅಂಚಿಗಿಟ್ಟು, ಉಳಿದ ಅನ್ನ ತಿನ್ನಿಸಿದರು. ಹತ್ತು ನಿಮಿಷದಲ್ಲಿ ತುಟಿ ಊದಿತು. ಮೈಯೆಲ್ಲ ದದ್ದು, ವಾಂತಿ, ಕೆಮ್ಮು. ಸಕ್ಕರೆ ನೀರು ಕುಡಿಸಿ, ಎರಡು ಮಹಡಿ ಮೆಟ್ಟಿಲು ಇಳಿಸಿಕೊಂಡು ಆಫೀಸಿಗೆ ಕರೆತಂದು, ಆಮೇಲೆ ನನಗೆ ಫೋನ್ ಮಾಡಿದರು. ‘ಬೀಜ ಎಲ್ಲಾ ತೆಗೆದೇ ಕೊಟ್ಟಿದ್ದೆ ಮೇಡಂ’ ಅಂತ ಆಯಮ್ಮ ಅಳುತ್ತಿದ್ದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಇತ್ತು, ಮಗು ಉಳಿಯಿತು.

ತಪ್ಪು ಆಯಮ್ಮನದಲ್ಲ. ‘ಒಗ್ಗಲ್ಲ’ ಅನ್ನುವ ಮಾತನ್ನು ನಾವು ಎಲ್ಲದಕ್ಕೂ ಬಳಸುತ್ತೇವೆ. ಮೊಸರು ಒಗ್ಗಲ್ಲ ಅಂದರೆ ಶೀತ ಆಗುತ್ತೆ ಅಂತ. ಪರಂಗಿಹಣ್ಣು ಒಗ್ಗಲ್ಲ ಅಂದರೆ ಉಷ್ಣ ಅಂತ. ಕೇಳಿದವರು ಅದನ್ನು ಪಥ್ಯ ಅಂದುಕೊಳ್ಳುತ್ತಾರೆ, ಸ್ವಲ್ಪ ತಿಂದರೆ ಏನೂ ಆಗಲ್ಲ ಅಂದುಕೊಳ್ಳುತ್ತಾರೆ. ಆಮೇಲಿನ ವರ್ಷಗಳಲ್ಲಿ ಎಷ್ಟೋ ತಂದೆತಾಯಿಯರು ಇದೇ ಮಾತು ಹೇಳಿಕೊಂಡಿದ್ದಾರೆ: ‘ಶಾಲೆಗೆ ಹೇಳಿದ್ವಿ, ಆದ್ರೂ ಹೀಗಾಯ್ತು.’ ಹೇಳುವುದೇ ಬೇರೆ, ಕೈಯಲ್ಲಿ ಮಾಡಿ ತೋರಿಸುವುದೇ ಬೇರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರು ಮುಗಿಯದೆ ಶಾಲೆಯ ಮೆಟ್ಟಿಲು ಹತ್ತಬೇಡಿ.

ಉದಾಹರಣೆಗೆ ಕಡಲೆಕಾಯಿಯನ್ನೇ ತೆಗೆದುಕೊಂಡಿದ್ದೇನೆ. ಹಾಲು, ಮೊಟ್ಟೆ, ಗೋಡಂಬಿ, ಎಳ್ಳು, ಮೀನು, ಸಿಗಡಿ ಯಾವುದಕ್ಕಾದರೂ ಹಂತಗಳು ಇವೇ.

ಹಂತ 1: ಅಲರ್ಜಿ ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಿ

ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ದದ್ದು, ಊತ, ವಾಂತಿ, ಕೆಮ್ಮು ಬಂದರೆ ಮಕ್ಕಳ ಡಾಕ್ಟರ್ ಅಥವಾ ಅಲರ್ಜಿ ತಜ್ಞರ ಹತ್ತಿರ ಹೋಗಿ. ಏನು ತಿಂದದ್ದು, ಎಷ್ಟು ಹೊತ್ತಿಗೆ ಏನಾಯಿತು ಅಂತ ಬರೆದುಕೊಂಡು ಹೋಗಿ. ದದ್ದಿನ ಫೋಟೋ ಇದ್ದರೆ ತೋರಿಸಿ. ಈ ವಿವರ ಯಾವ ರಕ್ತ ಪರೀಕ್ಷೆಗಿಂತಲೂ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ನೂರಾರು ಪದಾರ್ಥಗಳ ‘ಅಲರ್ಜಿ ಪ್ಯಾನೆಲ್’ ಮಾಡಿಸುವುದು. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯಾಗಲಿ, ರಕ್ತದ ಐಜಿಇ ಪರೀಕ್ಷೆಯಾಗಲಿ, ಪಾಸಿಟಿವ್ ಬಂತು ಅಂದ ಮಾತ್ರಕ್ಕೆ ಅಲರ್ಜಿ ಇದೆ ಅಂತಲ್ಲ. ನಿನ್ನೆವರೆಗೂ ಸುಖವಾಗಿ ತಿನ್ನುತ್ತಿದ್ದ ಗೋಧಿ, ತೊಗರಿಬೇಳೆ, ಟೊಮೇಟೊ ಎಲ್ಲ ಬಿಡಿಸಿ ಮಕ್ಕಳನ್ನು ಸೊರಗಿಸಿದ ಮನೆಗಳನ್ನು ನೋಡಿದ್ದೇನೆ. ಐಜಿಜಿ ಅಂತ ಬರುವ ಪರೀಕ್ಷೆಯಿಂದಂತೂ ಆಹಾರ ಅಲರ್ಜಿ ಗೊತ್ತಾಗುವುದೇ ಇಲ್ಲ. ಶಾಲೆಗೆ ಇಪ್ಪತ್ತು ಪದಾರ್ಥಗಳ ಪಟ್ಟಿ ಕೊಟ್ಟರೆ ಅವರು ಒಂದನ್ನೂ ನೆನಪಿಡುವುದಿಲ್ಲ. ನಿಜವಾಗಿ ಅಪಾಯ ಇರುವ ಒಂದೋ ಎರಡೋ ಹೆಸರು ಕೊಟ್ಟರೆ ನೆನಪಿಡುತ್ತಾರೆ.

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಮಾತ್ರ ಆಗುತ್ತಿದ್ದರೆ ಅದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ ಇರಬಹುದು. ಅದರಿಂದ ಕಷ್ಟ ಇದೆ, ಜೀವಕ್ಕೆ ಅಪಾಯ ಇಲ್ಲ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ‘ಸ್ವಲ್ಪ ಕೊಟ್ಟು ನೋಡೋಣ’ ಅಂತ ಮನೆಯಲ್ಲಿ ಪರೀಕ್ಷೆ ಮಾಡಲೇಬೇಡಿ. ಅದನ್ನು ಆಸ್ಪತ್ರೆಯಲ್ಲಿ, ಡಾಕ್ಟರ್ ಕಣ್ಣೆದುರೇ ಮಾಡಬೇಕು.

ಮಗುವಿಗೆ ಉಬ್ಬಸ ಇದ್ದರೆ ಅದನ್ನು ಮರೆಯದೆ ಹೇಳಿ. ಉಬ್ಬಸ ಹತೋಟಿಯಲ್ಲಿ ಇಲ್ಲದ ಮಗುವಿಗೆ ಅಲರ್ಜಿ ಬಂದರೆ ಅಪಾಯ ಹೆಚ್ಚು.

ಹಂತ 2: ಒಂದೇ ಹಾಳೆಯ ಯೋಜನೆ ಬರೆಸಿಕೊಳ್ಳಿ

ಇದಕ್ಕೆ ಆಕ್ಷನ್ ಪ್ಲಾನ್ ಅನ್ನುತ್ತಾರೆ. ಡಾಕ್ಟರ್ ಸಹಿ, ಸೀಲು ಇರಬೇಕು. ಫೈಲು ಬೇಡ, ಒಂದೇ ಹಾಳೆ ಸಾಕು. ಗಾಬರಿಯಲ್ಲಿ ಎರಡನೇ ಪುಟ ಯಾರೂ ತಿರುವುವುದಿಲ್ಲ.

ಮೇಲೆ ಮಗುವಿನ ಇತ್ತೀಚಿನ ಫೋಟೋ, ಹೆಸರು, ತರಗತಿ, ತೂಕ. ಕೆಳಗೆ ಯಾವುದಕ್ಕೆ ಅಲರ್ಜಿ. ಆಮೇಲೆ ಎರಡು ಭಾಗ: ಸಣ್ಣ ಲಕ್ಷಣ ಬಂದರೆ ಏನು ಮಾಡಬೇಕು, ದೊಡ್ಡ ಲಕ್ಷಣ ಬಂದರೆ ಏನು ಮಾಡಬೇಕು. ಕೊನೆಯಲ್ಲಿ ಮೂರು ಫೋನ್ ನಂಬರ್, 108, ಹತ್ತಿರದ ಆಸ್ಪತ್ರೆಯ ಹೆಸರು.

ಅಲರ್ಜಿಯ ಹೆಸರು ಬರೆಯುವಾಗ ಜೋಪಾನ. ನಮ್ಮ ಭಾಷೆಯಲ್ಲೇ ಇಲ್ಲಿ ಒಂದು ಗುಂಡಿ ಇದೆ. ಕಡಲೆಕಾಯಿ, ಕಡಲೆಬೀಜ, ನೆಲಗಡಲೆ, ಶೇಂಗಾ ಎಲ್ಲ ಒಂದೇ. ಆದರೆ ಕಡಲೆಕಾಳು, ಕಡಲೆಬೇಳೆ, ಹುರಿಗಡಲೆ ಬೇರೆ. ಬರೀ ‘ಕಡಲೆ’ ಅಂತ ಬರೆದರೆ ಒಬ್ಬರು ಹುರಿಗಡಲೆ ಚಟ್ನಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಶೇಂಗಾ ಚಟ್ನಿಪುಡಿ ಬಡಿಸುತ್ತಾರೆ. ಹುಬ್ಬಳ್ಳಿ ಕಡೆಯ ಅಡುಗೆಯವರಿಗೆ ಶೇಂಗಾ ಅಂದರೇ ಅರ್ಥ. ಬೆಂಗಳೂರಿನ ಶಾಲೆಯಲ್ಲಿ ಆಯಮ್ಮ ತಮಿಳಿನವರಿರಬಹುದು, ಸೆಕ್ಯುರಿಟಿಯವರು ಹಿಂದಿಯವರಿರಬಹುದು. ‘ವೇರ್ಕಡಲೈ’, ‘ಮೂಂಗ್‌ಫಲಿ’, ‘ಪಲ್ಲಿ’ ಅಂತಲೂ ಬರೆಯಿರಿ. ಪಕ್ಕದಲ್ಲಿ ಒಂದು ಹಿಡಿ ಕಡಲೆಕಾಯಿಯ ಫೋಟೋ ಅಂಟಿಸಿ. ಓದಲು ಬಾರದವರಿಗೂ ಅದು ತಿಳಿಯುತ್ತದೆ.

ಹಂತ 3: ಔಷಧಿ ಡಬ್ಬಿ ಸಿದ್ಧ ಮಾಡಿ

ಜೋರಾದ ಅಲರ್ಜಿಗೆ ಅನಾಫಿಲಾಕ್ಸಿಸ್ ಅನ್ನುತ್ತಾರೆ. ಅದಕ್ಕೆ ಮೊದಲ ಮದ್ದು ಅಡ್ರಿನಲಿನ್ ಇಂಜೆಕ್ಷನ್. ಸೆಟ್ರಿಜಿನ್, ಅವಿಲ್ ತರಹದ ಔಷಧಿ ತುರಿಕೆ, ದದ್ದು ಕಡಿಮೆ ಮಾಡುತ್ತದೆ. ಮುಚ್ಚಿಕೊಳ್ಳುತ್ತಿರುವ ಉಸಿರಿನ ದಾರಿಯನ್ನು ಅದು ತೆರೆಯುವುದಿಲ್ಲ, ಬೀಳುತ್ತಿರುವ ಬಿಪಿಯನ್ನು ಎತ್ತುವುದಿಲ್ಲ. ಈ ಒಂದು ವಾಕ್ಯ ಶಾಲೆಯಲ್ಲಿ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಹೊರದೇಶಗಳಲ್ಲಿ ತೊಡೆಗೆ ಒತ್ತಿದರೆ ಸಾಕು ಅನ್ನುವ ಪೆನ್ನಿನಂಥ ಆಟೋ ಇಂಜೆಕ್ಟರ್ ಇದೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ತರಿಸಿಕೊಳ್ಳುವ ಶಕ್ತಿ, ದಾರಿ ಇದ್ದರೆ ಡಾಕ್ಟರ್ ಹತ್ತಿರ ಮಾತಾಡಿ. ಇಲ್ಲದಿದ್ದರೆ ಡಾಕ್ಟರ್ ಸಾಮಾನ್ಯವಾಗಿ ಗಾಜಿನ ಆಂಪ್ಯೂಲ್ (ಕುತ್ತಿಗೆ ಮುರಿದು ತೆರೆಯುವ ಔಷಧಿಯ ಪುಟ್ಟ ಸೀಸೆ) ಮತ್ತು ಸಿರಿಂಜ್ ಬರೆದುಕೊಡುತ್ತಾರೆ. ಆಂಪ್ಯೂಲಿನ ಬೆಲೆ ತೀರಾ ಕಡಿಮೆ.

ಡಬ್ಬಿಯಲ್ಲಿ ಇರಬೇಕಾದದ್ದು: ಅಡ್ರಿನಲಿನ್ ಆಂಪ್ಯೂಲ್ ಎರಡು ಅಥವಾ ಮೂರು (1 ಎಂಎಲ್‌ನಲ್ಲಿ 1 ಮಿ.ಗ್ರಾಂ ಇರುವುದು), 1 ಎಂಎಲ್ ಸಿರಿಂಜ್ ಎರಡು ಮೂರು, ಡಾಕ್ಟರ್ ಹೇಳಿದ ಅಳತೆಯ ಸೂಜಿ, ಹತ್ತಿ, ಅಲರ್ಜಿ ಸಿರಪ್, ಉಬ್ಬಸ ಇದ್ದರೆ ಇನ್ಹೇಲರ್ ಮತ್ತು ಸ್ಪೇಸರ್, ಯೋಜನೆಯ ಹಾಳೆ. ಪಾರದರ್ಶಕ ಡಬ್ಬಿಯೇ ಇರಲಿ. ಇಂಥ ಎರಡು ಸೆಟ್ ಮಾಡಿ: ಒಂದು ಶಾಲೆಯಲ್ಲಿ, ಒಂದು ಮಗು ಹೋದಲ್ಲೆಲ್ಲ.

ಸಿರಿಂಜ್ ಕೊಳ್ಳುವಾಗ ಎಚ್ಚರ. 1 ಎಂಎಲ್ ಕೇಳಿದರೆ ಕೆಲವು ಅಂಗಡಿಯವರು ಇನ್ಸುಲಿನ್ ಸಿರಿಂಜ್ ಕೊಟ್ಟುಬಿಡುತ್ತಾರೆ. ಅದರ ಮೇಲಿರುವುದು ಯೂನಿಟ್ ಲೆಕ್ಕ, ಎಂಎಲ್ ಅಲ್ಲ. ಸೂಜಿಯೂ ತೀರಾ ಗಿಡ್ಡ, ಮಾಂಸಖಂಡಕ್ಕೆ ತಲುಪುವುದಿಲ್ಲ. 0.1, 0.2 ಅಂತ ಗೆರೆ ಇರುವುದನ್ನು ನೋಡಿಯೇ ತನ್ನಿ.

ಡೋಸು ಮಗುವಿನ ತೂಕದ ಮೇಲೆ: ಸಾಮಾನ್ಯವಾಗಿ ಒಂದು ಕೆ.ಜಿ.ಗೆ 0.01 ಮಿ.ಗ್ರಾಂ. ಅಂದರೆ 20 ಕೆ.ಜಿ. ಮಗುವಿಗೆ ಈ ಆಂಪ್ಯೂಲಿನಲ್ಲಿ 0.2 ಎಂಎಲ್. ಇಡೀ ಆಂಪ್ಯೂಲ್ ಅಲ್ಲ! ನಿಮ್ಮ ಮಗುವಿನ ಡೋಸನ್ನು ಡಾಕ್ಟರೇ ಬರೆಯಬೇಕು. ಆ ಗೆರೆಯ ಮೇಲೆ ಸಿರಿಂಜಿಗೆ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿ. ಗಾಬರಿಯಲ್ಲಿ ನಡುಗುವ ಕೈಗೆ ಅಂಕಿಗಿಂತ ಬಣ್ಣದ ಗೆರೆ ಬೇಗ ಕಾಣುತ್ತದೆ.

ಆಂಪ್ಯೂಲನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಬಿಸಿಲಲ್ಲೂ ಬೇಡ. ವ್ಯಾನಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡವೇ ಬೇಡ. ಬೆಳಕು ಬೀಳದ, ತಣ್ಣಗಿನ ಕಪಾಟು ಸಾಕು. ಔಷಧಿ ನೀರಿನಂತೆ ತಿಳಿಯಾಗಿರಬೇಕು. ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆದು ಹೊಸದು ತನ್ನಿ.

ಹಂತ 4: ಶಾಲೆಯಲ್ಲಿ ಸರಿಯಾದವರನ್ನು ಕೂರಿಸಿಕೊಂಡು ಮಾತಾಡಿ

ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟು, ಸ್ವೀಕೃತಿ ಸಹಿ ಪಡೆಯಿರಿ. ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಮಗು ಒದ್ದಾಡುವಾಗ ಪ್ರಿನ್ಸಿಪಾಲರು ಪಕ್ಕದಲ್ಲಿ ಇರುವುದಿಲ್ಲ. ಇರುವುದು ಕ್ಲಾಸ್ ಟೀಚರ್, ಆಯಮ್ಮ, ಪಿಟಿ ಸರ್, ವ್ಯಾನ್ ಡ್ರೈವರ್, ಬಿಸಿಯೂಟ ಇದ್ದರೆ ಅಡುಗೆಯವರು. ಇವರೆಲ್ಲರನ್ನೂ ಸೇರಿಸಿ ಅರ್ಧ ಗಂಟೆ ಕೊಡಿ ಅಂತ ಕೇಳಿ. ಶಾಲೆ ಶುರುವಾಗುವ ಮುಂಚೆ, ಮೇ ಕೊನೆಯಲ್ಲಿ ಕೇಳಿದರೆ ಬಿಡುವು ಸಿಗುತ್ತದೆ. ಜೂನ್ ಮೊದಲ ವಾರದಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.

‘ಒಗ್ಗಲ್ಲ’, ‘ಆಗಿ ಬರಲ್ಲ’ ಅನ್ನುವ ಮಾತು ಬೇಡ. ಹೀಗೆ ಹೇಳಿ: ‘ಇವಳು ಒಂದು ಚೂರು ಕಡಲೆಬೀಜ ತಿಂದರೂ ಉಸಿರು ಕಟ್ಟಬಹುದು. ಬೀಜ ತೆಗೆದುಕೊಟ್ಟರೂ ಅದೇ ಅಪಾಯ. ಹಾಗಾದಾಗ ಮೊದಲ ಐದು ನಿಮಿಷ ನಿಮ್ಮ ಕೈಯಲ್ಲಿದೆ.’ ಒರಟು ಅನ್ನಿಸಬಹುದು, ಅನ್ನಿಸಲಿ.

ಆಮೇಲೆ ಅಭ್ಯಾಸ. ಇಂಜೆಕ್ಷನ್ ಕೊಡುವುದನ್ನು ಡಾಕ್ಟರ್ ಅಥವಾ ನರ್ಸ್ ತೋರಿಸಿಕೊಟ್ಟರೆ ಒಳ್ಳೆಯದು. ಅವರನ್ನೇ ಒಂದು ದಿನ ಕರೆದುಕೊಂಡು ಹೋಗಿ. ಮೆಡಿಕಲ್ ಶಾಪಿನಲ್ಲಿ ಇಂಜೆಕ್ಷನ್ ನೀರಿನ ಆಂಪ್ಯೂಲ್ ಸಿಗುತ್ತದೆ. ನಾಲ್ಕು ಆಂಪ್ಯೂಲ್, ನಾಲ್ಕು ಸಿರಿಂಜ್, ನಾಲ್ಕು ಮೂಸಂಬಿ ಸಾಕು. ಆಂಪ್ಯೂಲಿನ ಕುತ್ತಿಗೆಯ ಸುತ್ತ ಹತ್ತಿ ಹಿಡಿದು, ತಮ್ಮಿಂದ ಆಚೆಗೆ ಬಾಗಿಸಿ ‘ಟಕ್’ ಅಂತ ಮುರಿಯುವುದು, ಗೆರೆಯವರೆಗೆ ಎಳೆದುಕೊಳ್ಳುವುದು, ಗಾಳಿ ತೆಗೆಯುವುದು, ಮೂಸಂಬಿಗೆ ನೇರವಾಗಿ ಚುಚ್ಚುವುದು. ನಮ್ಮ ಶಾಲೆಯಲ್ಲಿ ಮೊದಲು ಎಲ್ಲರೂ ಹಿಂದೆ ಸರಿದರು. ಮೊದಲು ಮುಂದೆ ಬಂದದ್ದು ಅದೇ ಆಯಮ್ಮ. ಮೂರನೇ ಸಲ ಮುರಿಯುವಾಗ ಅವರ ಕೈ ನಡುಗಲಿಲ್ಲ.

ಕೆಲವು ಶಾಲೆಗಳು ‘ಇಂಜೆಕ್ಷನ್ ನಾವು ಕೊಡಲ್ಲ’ ಅಂತ ನೇರವಾಗಿ ಹೇಳುತ್ತವೆ. ಡಾಕ್ಟರ್ ಪತ್ರದ ಜೊತೆ ನಿಮ್ಮ ಒಪ್ಪಿಗೆ ಪತ್ರ ಕೊಟ್ಟು ಮತ್ತೊಮ್ಮೆ ಕೇಳಿ. ಆಗಲೂ ಇಲ್ಲ ಅಂದರೆ ಜಗಳಕ್ಕೆ ನಿಂತು ದಿನ ಕಳೆಯಬೇಡಿ, ಎರಡನೇ ದಾರಿ ಸಿದ್ಧ ಮಾಡಿ. ಶಾಲೆಯಿಂದ ಹತ್ತಿರದ ಕ್ಲಿನಿಕ್ ಅಥವಾ ಆಸ್ಪತ್ರೆ ಯಾವುದು, ಅಲ್ಲಿ ಅಡ್ರಿನಲಿನ್ ಇಟ್ಟಿರುತ್ತಾರಾ, ಶಾಲೆಯ ಹೊತ್ತಿನಲ್ಲಿ ತೆರೆದಿರುತ್ತಾ ಅಂತ ನೀವೇ ಹೋಗಿ ಕೇಳಿ. ಸರ್ಕಾರಿ ವ್ಯವಸ್ಥೆಯಲ್ಲಿ ಲಸಿಕೆ ಹಾಕುವ ಕಡೆ ಅನಾಫಿಲಾಕ್ಸಿಸ್ ಕಿಟ್ ಇಟ್ಟಿರುತ್ತಾರೆ, ಅದರಲ್ಲಿ ಅಡ್ರಿನಲಿನ್ ಇರುತ್ತದೆ. ಹಾಗಾಗಿ ಹಳ್ಳಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮೊದಲು ವಿಚಾರಿಸಿ. ಶಾಲೆಯಿಂದ ಅಲ್ಲಿಗೆ ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಎಷ್ಟು ನಿಮಿಷ ಅಂತ ಗಡಿಯಾರ ನೋಡಿಕೊಂಡು ಹೋಗಿ ಬನ್ನಿ. ಯಾರ ಗಾಡಿ, ಯಾರು ಜೊತೆ ಹೋಗುವುದು ಅಂತ ಹೆಸರು ಬರೆಸಿಕೊಳ್ಳಿ.

ಡಬ್ಬಿ ಎಲ್ಲಿರುತ್ತದೆ? ಬೀಗ ಹಾಕಿದ ಬೀರುವಿನಲ್ಲಿ, ಕೀಲಿ ರಜೆಯ ಮೇಲಿರುವ ಕ್ಲರ್ಕ್ ಹತ್ತಿರ. ಈ ತಪ್ಪು ತುಂಬಾ ಕಡೆ ಆಗುತ್ತದೆ. ಮಕ್ಕಳ ಕೈಗೆ ಎಟುಕದ, ಆದರೆ ಬೀಗ ಇಲ್ಲದ ಜಾಗ, ಮಗುವಿನ ತರಗತಿಗೆ ಹತ್ತಿರ ಇರಲಿ.

ಹಂತ 5: ಊಟದ ಹೊತ್ತನ್ನು ಕಟ್ಟುನಿಟ್ಟು ಮಾಡಿ

ನಿಯಮ ಒಂದೇ: ಮನೆಯ ಡಬ್ಬಿ ಬಿಟ್ಟು ಬೇರೆ ಏನೂ ಬೇಡ. ‘ಕಡಲೆಬೀಜ ಇಲ್ಲದ್ದು ತಿನ್ನಬಹುದು’ ಅಂತ ನಿಯಮ ಮಾಡಿದರೆ ಪ್ರತಿ ತುತ್ತಿಗೂ ಯಾರೋ ತೀರ್ಮಾನ ಮಾಡಬೇಕಾಗುತ್ತದೆ. ಆ ತೀರ್ಮಾನದಲ್ಲೇ ತಪ್ಪು ಆಗುವುದು.

ನಮ್ಮ ಅಡುಗೆಯಲ್ಲಿ ಕಡಲೆಬೀಜ ಎಲ್ಲೆಲ್ಲಿ ಅಡಗಿರುತ್ತದೆ ನೋಡಿ. ಚಿತ್ರಾನ್ನ, ಪುಳಿಯೋಗರೆ, ಗೊಜ್ಜವಲಕ್ಕಿಯಲ್ಲಿ ಕಣ್ಣಿಗೆ ಕಾಣುತ್ತದೆ. ಎಣ್ಣೆಗಾಯಿಯ ಮಸಾಲೆ, ಹೋಟೆಲಿನ ಚಟ್ನಿ, ನಿಪ್ಪಟ್ಟು, ಚಟ್ನಿಪುಡಿ, ಹೋಳಿಗೆಯ ಹೂರಣದಲ್ಲಿ ಕಾಣುವುದಿಲ್ಲ. ಬೇಯಿಸಿದರೂ ಹುರಿದರೂ ಅಪಾಯ ಹೋಗುವುದಿಲ್ಲ. ಎಣ್ಣೆಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಚೆನ್ನಾಗಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಹೆಚ್ಚುಕಮ್ಮಿ ಉಳಿದಿರುವುದಿಲ್ಲ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಈಗ ಊರೂರಲ್ಲೂ ಗಾಣದ ಎಣ್ಣೆ ಆರೋಗ್ಯಕ್ಕೆ ಒಳ್ಳೆಯದು ಅಂತ ತರಿಸುತ್ತಾರೆ. ಈ ಮಗುವಿಗೆ ಅದು ಬೇಡ.

ಪ್ಯಾಕೆಟ್ ತಿಂಡಿಯ ಮೇಲೆ ಅಲರ್ಜಿ ತರುವ ಪದಾರ್ಥಗಳನ್ನು ಬರೆಯಲೇಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮ ಹೇಳುತ್ತದೆ. ಗೋಧಿಯಂಥ ಗ್ಲುಟನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ ಇವೆಲ್ಲ ಆ ಪಟ್ಟಿಯಲ್ಲಿವೆ. ‘ಇರಬಹುದು’ ಅಂತ ಬರೆದಿದ್ದರೂ ಬೇಡ. ಬೇಕರಿಯ ಬಿಡಿ ತಿಂಡಿಗೆ ಲೇಬಲ್ಲೇ ಇರುವುದಿಲ್ಲ, ಅದನ್ನು ಪೂರ್ತಿ ಬಿಡಿ.

ಸರ್ಕಾರಿ ಶಾಲೆಯ ಮಕ್ಕಳ ತಂದೆತಾಯಿ ಇನ್ನಷ್ಟು ಗಮನ ಕೊಡಬೇಕು. ಅಲ್ಲಿ ಹಾಲು, ಮೊಟ್ಟೆ ಶಾಲೆಯಲ್ಲೇ ಕೊಡುತ್ತಾರೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಕೆಲವು ವರ್ಷ ಶೇಂಗಾ ಚಿಕ್ಕಿಯೂ ಇತ್ತು. ಮುಖ್ಯ ಶಿಕ್ಷಕರ ಜೊತೆಗೆ ಅಡುಗೆಯವರನ್ನೂ ನೋಡಿ, ಎಸ್‌ಡಿಎಂಸಿ ಸಭೆಯಲ್ಲೂ ವಿಷಯ ಇಡಿ. ತಟ್ಟೆ, ಲೋಟ ಮನೆಯಿಂದಲೇ ಕಳಿಸಿ. ಒಂದೇ ಸೌಟು ಎರಡು ಪಾತ್ರೆಗೆ ಹೋಗುವುದು ಎಲ್ಲರ ಕಣ್ಣು ತಪ್ಪುವ ಜಾಗ.

ಊಟದ ಮುಂಚೆ, ಆಮೇಲೆ ಎಲ್ಲ ಮಕ್ಕಳೂ ಸೋಪಿನಲ್ಲಿ ಕೈ ತೊಳೆಯಲಿ. ಸ್ಯಾನಿಟೈಸರ್‌ನಿಂದ ಕಡಲೆಕಾಯಿಯ ಅಂಶ ಹೋಗುವುದಿಲ್ಲ. ಬೆಂಚು ಒದ್ದೆ ಬಟ್ಟೆ, ಸೋಪಿನಲ್ಲಿ ಒರೆಸಲಿ. ಹಾಗಂತ ಮಗುವನ್ನು ಮೂಲೆಯಲ್ಲಿ ಒಂಟಿಯಾಗಿ ಕೂರಿಸಬೇಡಿ. ಪಕ್ಕದಲ್ಲಿ ಯಾರಾದರೂ ಕಡಲೆಕಾಯಿ ತಿಂದ ಮಾತ್ರಕ್ಕೆ, ಅದರ ವಾಸನೆಗೆ ಜೋರಾದ ಅಲರ್ಜಿ ಬರುವುದು ತೀರಾ ಅಪರೂಪ. ಅಪಾಯ ಇರುವುದು ಬಾಯಿಗೆ ಹೋಗುವುದರಲ್ಲಿ. ಸಾಲಿನ ಕೊನೆಯಲ್ಲಿ, ಒಬ್ಬ ಗೆಳತಿಯ ಪಕ್ಕ ಕೂರಿಸಿ. ಆ ಗೆಳತಿಯ ಅಮ್ಮನ ಹತ್ತಿರ ನೀವೇ ಮಾತಾಡಿ.

ಇನ್ನು ಹಬ್ಬ, ಹುಟ್ಟುಹಬ್ಬ. ಬರ್ತ್‌ಡೇ ಚಾಕೊಲೇಟ್, ಆಗಸ್ಟ್ 15ರ ಲಾಡು, ಗಣೇಶನ ಪ್ರಸಾದ, ಸಂಕ್ರಾಂತಿಯ ಎಳ್ಳುಬೆಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆ ಮುಗಿದ ವಾರ ಬೆಂಗಳೂರಿನ ಅರ್ಧ ಡಬ್ಬಿಗಳಲ್ಲಿ ಬೇಯಿಸಿದ ಕಡಲೆಕಾಯಿ. ಪ್ರಸಾದ ಬೇಡ ಅನ್ನುವುದು ನಮ್ಮ ಕಡೆ ಕಷ್ಟ, ಹಿರಿಯರು ಬಲವಂತ ಮಾಡುತ್ತಾರೆ. ಮಿಸ್ ಹತ್ತಿರ ಒಂದು ‘ಬದಲಿ ಡಬ್ಬಿ’ ಇಟ್ಟುಬಿಡಿ: ಕಲ್ಲುಸಕ್ಕರೆ, ಒಣದ್ರಾಕ್ಷಿ, ನೀವು ನೋಡಿ ಆರಿಸಿದ ಚಾಕೊಲೇಟ್. ಎಲ್ಲರಿಗೂ ಸಿಹಿ ಹಂಚುವಾಗ ಇವಳಿಗೂ ಕೈಗೆ ಒಂದು ಸಿಗಬೇಕು. ಎಲ್ಲರೂ ತಿನ್ನುವಾಗ ಖಾಲಿ ಕೈಯಲ್ಲಿ ಕೂತ ಮಗು ನಾಳೆ ಕದ್ದು ತಿನ್ನುತ್ತದೆ.

ಹಂತ 6: ಮಗು ಹೇಳುವ ಮಾತನ್ನು ಟೀಚರ್‌ಗೆ ಕಲಿಸಿ

ಪುಟ್ಟ ಮಕ್ಕಳು ‘ಉಸಿರಾಟ ಕಷ್ಟ’ ಅಂತ ಹೇಳುವುದಿಲ್ಲ. ಹೇಳುವುದು ಹೀಗೆ: ‘ಬಾಯಿ ಖಾರ’, ‘ನಾಲಿಗೆ ಕಡೀತಿದೆ’, ‘ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ’. ಖಾರ ಇಲ್ಲದ್ದು ತಿಂದು ಖಾರ ಅಂದರೆ ಅದೇ ಮೊದಲ ಎಚ್ಚರಿಕೆ ಗಂಟೆ. ನಾಲಿಗೆ ಉಜ್ಜಿಕೊಳ್ಳುವುದು, ಪದೇಪದೇ ಗಂಟಲು ಸರಿಮಾಡಿಕೊಳ್ಳುವುದು, ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾಗಿ ಮಡಿಲಿಗೆ ಬಂದು ಒರಗುವುದು, ಇವೂ ಲಕ್ಷಣಗಳೇ.

ಸಣ್ಣ ಲಕ್ಷಣ ಅಂದರೆ ಬಾಯಿ ಸುತ್ತ ತುರಿಕೆ, ಅಲ್ಲೊಂದು ಇಲ್ಲೊಂದು ದದ್ದು. ಡಾಕ್ಟರ್ ಬರೆದ ಸಿರಪ್ ಕೊಟ್ಟು, ಕಣ್ಣು ತೆಗೆಯದೆ ಕಾಯಬೇಕು. ದೊಡ್ಡ ಲಕ್ಷಣ ಅಂದರೆ ಬಿಡದ ಕೆಮ್ಮು, ಸುಯ್ ಅನ್ನುವ ಉಸಿರು, ಧ್ವನಿ ಒಡೆಯುವುದು, ನಾಲಿಗೆ ಊತ, ಮುಖ ಬಿಳಿಚುವುದು, ತಲೆಸುತ್ತು, ಮೈ ಸಡಿಲ ಬಿಡುವುದು. ಇವುಗಳಲ್ಲಿ ಒಂದು ಬಂದರೂ, ಅಥವಾ ದದ್ದಿನ ಜೊತೆ ವಾಂತಿ ನಿಲ್ಲದಿದ್ದರೂ ಇಂಜೆಕ್ಷನ್ ಹೊತ್ತು ಬಂತು ಅಂತ. ದದ್ದು ಇಲ್ಲದೆಯೂ ಅನಾಫಿಲಾಕ್ಸಿಸ್ ಆಗಬಹುದು. ‘ಮೈಮೇಲೆ ಏನೂ ಇಲ್ವಲ್ಲ’ ಅಂತ ಕಾಯುವುದು ದೊಡ್ಡ ಮೋಸ.

ಹಂತ 7: ಆ ಐದು ನಿಮಿಷ, ಈ ಕ್ರಮದಲ್ಲಿ

ಮೊದಲು ಮಗುವನ್ನು ಇದ್ದಲ್ಲೇ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕೆ ಇಡಿ. ಉಸಿರಾಟಕ್ಕೆ ಕಷ್ಟ ಆಗುತ್ತಿದ್ದರೆ ಕಾಲು ಚಾಚಿ ಒರಗಿಸಿ ಕೂರಿಸಿ. ವಾಂತಿ ಇದ್ದರೆ ಮಗ್ಗುಲಿಗೆ. ನಿಲ್ಲಿಸಬೇಡಿ, ನಡೆಸಬೇಡಿ. ಬಿಪಿ ಬಿದ್ದಿರುವಾಗ ಎದ್ದು ನಿಂತರೆ ಮಗು ಕುಸಿದುಬಿಡಬಹುದು. ನನ್ನ ಮಗಳನ್ನು ಆ ದಿನ ಮೆಟ್ಟಿಲು ಇಳಿಸಿದ್ದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಔಷಧಿ ಡಬ್ಬಿ ಮಗುವಿನ ಹತ್ತಿರ ಬರಬೇಕು, ಮಗು ಡಬ್ಬಿಯ ಹತ್ತಿರ ಹೋಗಬಾರದು. ಒಂಟಿಯಾಗಿ ಟಾಯ್ಲೆಟ್ಟಿಗೂ ಕಳಿಸಬಾರದು.

ಎರಡನೆಯದು ಇಂಜೆಕ್ಷನ್. ತೊಡೆಯ ಮಧ್ಯಭಾಗ, ಹೊರಮಗ್ಗುಲು. ತೋಳಿಗಲ್ಲ, ಪೃಷ್ಠಕ್ಕಲ್ಲ, ನರಕ್ಕಂತೂ ಅಲ್ಲವೇ ಅಲ್ಲ. ಕೊಟ್ಟ ಹೊತ್ತನ್ನು ಅಂಗೈ ಮೇಲೋ ಹಾಳೆಯ ಮೇಲೋ ಬರೆಯಿರಿ. ಅನುಮಾನ ಇದ್ದರೆ ಕೊಡುವುದೇ ಸರಿ. ಕೊಟ್ಟ ಮೇಲೆ ಎದೆ ಡವಡವ ಅನ್ನಬಹುದು, ಕೈ ನಡುಗಬಹುದು, ಮುಖ ಬಿಳಿಚಬಹುದು. ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ತಡ ಮಾಡಿದರೆ ಆಗುವುದೇ ದೊಡ್ಡ ಅನಾಹುತ.

ಮೂರನೆಯದು 108. ‘ಅನಾಫಿಲಾಕ್ಸಿಸ್, ಮಗು, ಅಡ್ರಿನಲಿನ್ ಕೊಟ್ಟಿದ್ದೇವೆ’ ಅಂತ ಹೇಳಿ. ಇಬ್ಬರು ಇದ್ದರೆ ಒಬ್ಬರು ಇಂಜೆಕ್ಷನ್, ಒಬ್ಬರು ಫೋನ್, ಒಟ್ಟಿಗೇ. ತಂದೆತಾಯಿಗೆ ಫೋನ್ ಆಮೇಲೆ. ಇದನ್ನು ಹಾಳೆಯಲ್ಲಿ ನೀವೇ ಬರೆದುಕೊಡಿ: ‘ನನಗೆ ಫೋನ್ ಮಾಡಿ ಕೇಳಿಕೊಂಡು ಇಂಜೆಕ್ಷನ್ ಕೊಡುವ ಅಗತ್ಯ ಇಲ್ಲ.’ ಟೀಚರ್ ನಿಮ್ಮ ಅನುಮತಿಗೆ ಕಾಯುತ್ತಾ ಕೂತರೆ ಕಳೆಯುವುದು ಮಗುವಿನ ನಿಮಿಷಗಳು.

ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಡಾಕ್ಟರ್ ಬರೆದಿರುವಂತೆ ಎರಡನೇ ಡೋಸು. ಹೊಸ ಸಿರಿಂಜಿನಲ್ಲಿ.

ಮಗು ಚೇತರಿಸಿಕೊಂಡು ನಕ್ಕರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವರಿಗೆ ಕೆಲವು ಗಂಟೆಗಳ ನಂತರ ಎಲ್ಲವೂ ಮತ್ತೆ ಶುರುವಾಗುತ್ತದೆ. ಎಷ್ಟು ಹೊತ್ತು ಇರಬೇಕು ಅಂತ ಡಾಕ್ಟರ್ ಹೇಳುತ್ತಾರೆ, ಸಾಮಾನ್ಯವಾಗಿ ಕೆಲವು ಗಂಟೆ ಇರಿಸಿಕೊಳ್ಳುತ್ತಾರೆ.

ಮಾಡಬಾರದ್ದು: ಸಕ್ಕರೆ ನೀರು, ನಿಂಬೆಹಣ್ಣಿನ ರಸ ಕುಡಿಸುವುದು, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ದೃಷ್ಟಿ ತೆಗೆಯುವುದು, ಸಿರಪ್ ಕೊಟ್ಟು ‘ನೋಡೋಣ’ ಅಂತ ಕೂರುವುದು.

ಹಂತ 8: ಮಗುವಿಗೆ ಎರಡೇ ವಾಕ್ಯ ಕಲಿಸಿ

ನಾಲ್ಕು ವರ್ಷದ ಮಗುವಿಗೂ ಇದು ಬರುತ್ತದೆ. ಒಂದು: ‘ನನ್ನ ಡಬ್ಬೀದೇ ತಿನ್ನೋದು.’ ಎರಡು: ‘ಮಿಸ್, ನನಗೆ ಅಲರ್ಜಿ ಆಗ್ತಿದೆ.’ ಮನೆಯಲ್ಲಿ ಆಟ ಆಡಿ. ನೀವು ಗೆಳತಿ ಆಗಿ ಚಿಕ್ಕಿ ಕೊಡಿ, ಅವಳು ಬೇಡ ಅನ್ನಲಿ. ಮತ್ತೆ ಒತ್ತಾಯ ಮಾಡಿ, ‘ಒಂದೇ ಒಂದು’ ಅನ್ನಿ. ಮತ್ತೆ ಬೇಡ ಅನ್ನಲಿ. ತಿಂದುಬಿಟ್ಟಿದ್ದರೆ ಬೈಯಲ್ಲ ಅಂತ ಪ್ರತಿ ಸಲ ಹೇಳಿ. ಬೈಗುಳಕ್ಕೆ ಹೆದರಿ ಮುಚ್ಚಿಡುವ ಮಗು ಹೇಳುವ ಹೊತ್ತಿಗೆ ತಡವಾಗಿರುತ್ತದೆ.

ದೊಡ್ಡ ತರಗತಿಗೆ ಬಂದಾಗ ಇನ್ನೊಂದು ಕಾಟ ಶುರುವಾಗುತ್ತದೆ: ಕೀಟಲೆಗೆ ಡಬ್ಬಿಯಲ್ಲಿ ಬೀಜ ಹಾಕುವುದು, ಮುಖದ ಹತ್ತಿರ ಹಿಡಿದು ಹೆದರಿಸುವುದು. ಇದನ್ನು ತುಂಟತನ ಅಂತ ಬಿಡಬೇಡಿ. ಅದೇ ದಿನ ಶಾಲೆಗೆ ಬರೆದು ಕೊಡಿ.

ಹಂತ 9: ಟರ್ಮಿಗೊಮ್ಮೆ ಔಷಧಿ ಡಬ್ಬಿ ತೆರೆಯಿರಿ

ಜೂನ್‌ನಲ್ಲಿ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಒಮ್ಮೆ ನೀವೇ ಹೋಗಿ ನೋಡಿ. ಆಂಪ್ಯೂಲಿನ ಬಣ್ಣ, ಕೊನೆಯ ದಿನಾಂಕ, ಮಗುವಿನ ಹೊಸ ತೂಕ, ಅದಕ್ಕೆ ತಕ್ಕ ಡೋಸು, ಸಿರಿಂಜಿನ ಮೇಲಿನ ಗೆರೆ. ತೂಕ ಹೆಚ್ಚಿದ್ದರೆ ಡಾಕ್ಟರ್ ಹತ್ತಿರ ಹೊಸ ಹಾಳೆ ಬರೆಸಿ, ಹಳೆಯದನ್ನು ಹರಿದುಹಾಕಿ. ಹಳೆಯ, ಹೊಸ ಹಾಳೆ ಎರಡೂ ಡಬ್ಬಿಯಲ್ಲಿ ಉಳಿದರೆ ಗೊಂದಲ ಖಂಡಿತ.

ಹೊಸ ಟೀಚರ್, ಹೊಸ ಆಯಮ್ಮ, ಹೊಸ ಡ್ರೈವರ್ ಬಂದರೆ ನಾಲ್ಕನೇ ಹಂತ ಮತ್ತೆ ಮೊದಲಿಂದ. ಪ್ರವಾಸ ಹೊರಟರೆ ಡಬ್ಬಿ ಲಗೇಜಿನ ಕೆಳಗಲ್ಲ, ಜೊತೆಗೆ ಹೋಗುವ ಟೀಚರ್ ಹೆಗಲ ಚೀಲದಲ್ಲಿ ಇರಬೇಕು. ದಿನಾಂಕ ಮುಗಿದ ಆಂಪ್ಯೂಲುಗಳನ್ನು ಎಸೆಯುವ ಮುಂಚೆ ಅಭ್ಯಾಸಕ್ಕೆ ಬಳಸಿ. ನಾನು ಪ್ರತಿ ಜೂನ್‌ನಲ್ಲಿ ಅವನ್ನೂ ಒಂದು ಚೀಲ ಮೂಸಂಬಿಯನ್ನೂ ಹಿಡಿದುಕೊಂಡೇ ಶಾಲೆಗೆ ಹೋಗುತ್ತೇನೆ.